ದಿನಗಳನ್ನು ವರುಷಗಳಾಗಿ ಎಣಿಸುವ ಲೆಕ್ಕ

ಒಬ್ಬ ಹುಡುಗಿಗೆ ಒಂದೇ ದಿನದಲ್ಲಿ ಮೂರು ವಯಸ್ಸುಗಳಿರುವದು ಸಾಧ್ಯವೋ? ಕಟಕೋಳದ ಕಡೆಯ ಒಂದು ಹಳ್ಳಿಯಲ್ಲಿ ನಾವು ಅದನ್ನು ಕಂಡೆವು. ೨೦೨೫ನೆಯ ಇಸವಿಯ ಮೇ ತಿಂಗಳಿನ ೭ನೆಯ ತಾರೀಖು ಬುಧವಾರಕ್ಕೆ ಮಗಳ ಮದುವೆಯನ್ನು ಗೊತ್ತುಮಾಡಿದ ಒಬ್ಬ ತಂದೆಯು, ಸಭೆಯಲ್ಲಿ ಪ್ರಕಟಣೆ ಓದಬೇಕೆಂದು ಕೇಳುವದಕ್ಕೆ ನಮ್ಮ ಬಳಿಗೆ ಬಂದನು. ಹುಡುಗಿಯ ವಯಸ್ಸು ಎಷ್ಟೆಂದು ನಾವು ಕೇಳಲು, “ಹದಿನೆಂಟು ನಡೆದಾವ್ರಿ, ಉಪದೇಶಿಗಳೇ” ಎಂದು ಅವನು ಹೇಳಿದನು. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಅವನ ತಾಯಿಯು ಬೆರಳು ಮಡಿಚುತ್ತಾ, “ಹದಿನೆಂಟಲ್ಲೋ ತಮ್ಮಾ, ಹತ್ತೊಂಬತ್ತು. ಸರ್ವಜಿತು ಸಂವತ್ಸರದಾಗ, ಸಂಕ್ರಾಂತಿ ಆದಮ್ಯಾಲೆ, ಪ್ರಾರ್ಥನೆಯ ದಿನ ಹುಟ್ಟ್ಯಾಳ” ಎಂದಳು. ನಾವು ದೀಕ್ಷಾಸ್ನಾನದ ಪುಸ್ತಕವನ್ನು ತೆರೆದು ನೋಡಿದೆವು. ಹುಟ್ಟಿದ ತಾರೀಖು ೨೦೦೮ನೆಯ ಇಸವಿ ಫೆಬ್ರವರಿ ೩ ಎಂದು ಅದರಲ್ಲಿ ಬರೆದಿತ್ತು. ಹಾಗಾದರೆ ಮದುವೆಯ ದಿನಕ್ಕೆ ಆಕೆಗೆ ೧೭ ವರುಷ ೩ ತಿಂಗಳು ೪ ದಿನ. ಇವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಮುದುಕಿಯು ಸಂವತ್ಸರಗಳನ್ನು ಎಣಿಸಿದಳು, ತಂದೆಯು ನಡೆಯುತ್ತಿರುವ ವರುಷವನ್ನು ಹೇಳಿದನು, ಪುಸ್ತಕವು ತುಂಬಿದ ವರುಷವನ್ನು ಹೇಳಿತು.

೨೦೦೬ನೆಯ ಇಸವಿಯ ಬಾಲ್ಯವಿವಾಹ ನಿಷೇಧದ ಕಾಯಿದೆಯು ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ವರುಷ ತುಂಬಿರಬೇಕೆಂದು ವಿಧಿಸುತ್ತದೆ. ನಡೆದಿರುವದು ಸಾಲದು, ತುಂಬಿರಬೇಕು. ಆದಕಾರಣ ನಾವು ಪ್ರಕಟಣೆ ಓದಲಿಲ್ಲ. ತಂದೆಗೆ ಬಹಳ ಸಂಕಟವಾಯಿತು, ಯಾಕಂದರೆ ಅವನು ಮದುವೆಗೋಸ್ಕರ ಆಗಲೇ ಸಾಲ ತಂದಿದ್ದನು. ಆ ಸಾಲದ ಸಂಗತಿಯನ್ನು ಮುಂದೆ ಹೇಳುವೆವು. ಮೊದಲು ಲೆಕ್ಕವನ್ನು ಕಲಿಯೋಣ.

ದಿನವೆಂಬದು ಎಲ್ಲರಿಗೂ ಒಂದೇ ಅಳತೆಯಾದದ್ದು. ನಮ್ಮ ಹಿರಿಯರು ಅದನ್ನು ಅರುವತ್ತು ಘಳಿಗೆಯಾಗಿ ಹಂಚಿದರು, ನಾವು ಇಪ್ಪತ್ತುನಾಲ್ಕು ತಾಸಾಗಿ ಹಂಚುತ್ತೇವೆ. ಆದದರಿಂದ ಎರಡೂವರೆ ಘಳಿಗೆಗೆ ಒಂದು ತಾಸು, ಒಂದು ಘಳಿಗೆಗೆ ೨೪ ಮಿನಿಟು, ಎರಡು ಘಳಿಗೆಯ ಮುಹೂರ್ತಕ್ಕೆ ೪೮ ಮಿನಿಟು, ಒಂದು ಜಾವಕ್ಕೆ ಮೂರು ತಾಸು. ಒಂದು ಭೇದವನ್ನು ಮಾತ್ರ ಮರೆಯಬಾರದು. ಪಂಚಾಂಗದ ದಿನವು ಸೂರ್ಯೋದಯಕ್ಕೆ ಹುಟ್ಟುತ್ತದೆ, ಸರಕಾರದ ದಿನವು ನಡುರಾತ್ರಿಯಲ್ಲಿ ಹುಟ್ಟುತ್ತದೆ. ಶನಿವಾರ ಕಳೆದು ಬೆಳಗಿನ ಜಾವ ಮೂರು ತಾಸಿಗೆ ಹುಟ್ಟಿದ ಕೂಸನ್ನು ಅಜ್ಜಿಯು ಶನಿವಾರದ ಕೂಸೆನ್ನುವಳು, ಆಸ್ಪತ್ರೆಯ ಚೀಟಿಯಲ್ಲಿ ಆದಿತ್ಯವಾರವೆಂದು ಬರೆದಿರುವದು. ಇಂಥ ಕಡೆ ಚೀಟಿಯನ್ನೇ ಹಿಡಿಯತಕ್ಕದ್ದು.

ಕಷ್ಟವಿರುವದು ವರುಷದಲ್ಲಿ. ಭೂಮಿಯು ಸೂರ್ಯನನ್ನು ಸುತ್ತಿ, ಋತುಗಳು ಮೊದಲಿನ ಸ್ಥಳಕ್ಕೆ ಬರುವದಕ್ಕೆ ೩೬೫ ದಿನ ೫ ತಾಸು ೪೮ ಮಿನಿಟು ೪೫ ಸೆಕೆಂಡು ಹಿಡಿಯುವದು. ಈ ಸುಮಾರು ಆರು ತಾಸುಗಳು ನಾಲ್ಕು ವರುಷಕ್ಕೆ ಒಂದು ದಿನವಾಗುವದರಿಂದ, ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವ ಇಸವಿಯಲ್ಲಿ ಫೆಬ್ರವರಿಗೆ ೨೯ ದಿನ ಕೊಡುತ್ತಾರೆ. ಆದರೆ ಅದು ಪೂರಾ ಆರು ತಾಸಲ್ಲ, ಹನ್ನೊಂದು ಮಿನಿಟು ಕಡಿಮೆ. ಈ ಸಣ್ಣ ತಪ್ಪು ಶತಮಾನಗಳಿಂದ ಕೂಡಿ ಹತ್ತು ದಿನವಾಗಲು, ೧೫೮೨ನೆಯ ಇಸವಿಯಲ್ಲಿ ರೋಮಾಪುರಿಯ ಪೋಪನಾದ ೧೩ನೆಯ ಗ್ರೆಗೊರಿಯು ಅದನ್ನು ತಿದ್ದಿಸಿದನು. ಇಂಗ್ಲೆಂಡಿನವರು ೧೭೫೨ರ ವರೆಗೂ ಒಪ್ಪದೆ ನಿಂತು, ಕಡೆಗೆ ಆ ವರುಷದ ಸೆಪ್ಟೆಂಬರ್ ೨ರ ಮರುದಿನವನ್ನು ೧೪ ಎಂದು ಕರೆದರು. ಆ ತಿದ್ದುಪಾಟಿನ ಪ್ರಕಾರ ನೂರರ ಇಸವಿಗಳಲ್ಲಿ ೪೦೦ರಿಂದ ಭಾಗವಾಗುವವುಗಳಿಗೆ ಮಾತ್ರ ಹೆಚ್ಚಿನ ದಿನವುಂಟು. ೧೯೦೦ಕ್ಕೆ ಇರಲಿಲ್ಲ, ೨೦೦೦ಕ್ಕೆ ಇತ್ತು.

ತಿಂಗಳುಗಳ ಉದ್ದವು ಮರೆತುಹೋದರೆ ಮುಷ್ಟಿಯನ್ನು ಹಿಡಿದು ಗೆಣ್ಣುಗಳ ಮೇಲೆ ಎಣಿಸಿರಿ. ಗೆಣ್ಣಿನ ಮೇಲೆ ಬಿದ್ದ ತಿಂಗಳಿಗೆ ೩೧, ತಗ್ಗಿನಲ್ಲಿ ಬಿದ್ದದ್ದಕ್ಕೆ ೩೦, ಫೆಬ್ರವರಿಗೆ ೨೮ ಅಥವಾ ೨೯. ಜುಲೈ ಕಡೆಯ ಗೆಣ್ಣಿನ ಮೇಲೆ ಬೀಳುವದು. ಆಗಸ್ಟನ್ನು ಪುನಃ ಮೊದಲನೆಯ ಗೆಣ್ಣಿನಿಂದ ಹಿಡಿಯಬೇಕು.

ಈಗ ದಿನಗಳನ್ನು ವರುಷ ಮಾಡುವ ರೀತಿಯನ್ನು ನಮ್ಮ ಸೀಮೆಯ ಒಂದು ಸಂಗತಿಯಿಂದ ತೋರಿಸುವೆವು. ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಸತ್ತದ್ದು ೧೮೨೪ನೆಯ ಇಸವಿ ಅಕ್ಟೋಬರ್ ೨೩. ರಾಣಿ ಚೆನ್ನಮ್ಮನ ಪಕ್ಷದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು ೧೮೩೧ನೆಯ ಇಸವಿ ಜನವರಿ ೨೬. ಈ ಎರಡು ದಿನಗಳ ನಡುವೆ ೨,೨೮೬ ದಿನಗಳು. ಇದರಲ್ಲಿ ವರುಷಗಳೆಷ್ಟು? ನಾಲ್ಕು ವರುಷದ ಒಂದು ಕಂತೆಗೆ ೧,೪೬೧ ದಿನವೆಂದು ನೆನಪಿಡಿರಿ (೩೬೫ ನಾಲ್ಕು ಸಾರಿ, ಕೂಡ ಒಂದು). ೨,೨೮೬ರಲ್ಲಿ ಒಂದು ಕಂತೆ ತೆಗೆದರೆ ೮೨೫ ಉಳಿಯುವದು. ಅದರಲ್ಲಿ ಎರಡು ವರುಷದ ೭೩೦ ತೆಗೆದರೆ ೯೫ ಉಳಿಯುವದು. ಆದದರಿಂದ ೬ ವರುಷ ೯೫ ದಿನ. ಆ ೯೫ ದಿನಗಳನ್ನು ಅಕ್ಟೋಬರ್ ೨೩ರಿಂದ ಎಣಿಸಿದರೆ ತಿಂಗಳಿನ ಕಡೆಯ ವರೆಗೆ ೮, ನವೆಂಬರ್ ೩೦, ಡಿಸೆಂಬರ್ ೩೧, ಜನವರಿ ೨೬, ಸರಿಯಾಯಿತು.

ಲೆಕ್ಕವು ತಪ್ಪಿತೋ ಇಲ್ಲವೋ ಎಂದು ನೋಡುವದಕ್ಕೆ ವಾರವು ಒಳ್ಳೆಯ ಸಾಕ್ಷಿ. ದಿನಗಳನ್ನು ಏಳರಿಂದ ಭಾಗಿಸಿರಿ. ೨,೨೮೬ಕ್ಕೆ ೩೨೬ ವಾರ, ಮೇಲೆ ೪ ದಿನ. ೧೮೨೪ರ ಆ ಅಕ್ಟೋಬರ್ ೨೩ ಶನಿವಾರವಾಗಿತ್ತು. ಶನಿವಾರದ ಮೇಲೆ ನಾಲ್ಕು ದಿನ ಎಣಿಸಿದರೆ ಬುಧವಾರ. ೧೮೩೧ರ ಜನವರಿ ೨೬ ಬುಧವಾರವೇ. ತಿಂಗಳು ವರುಷಗಳನ್ನು ಅರಸರೂ ಪೋಪರೂ ತಿದ್ದಿದರು, ವಾರದ ಸರತಿಯನ್ನು ಯಾರೂ ಮುರಿಯಲಿಲ್ಲ. ಇಂಗ್ಲೆಂಡಿನವರು ಹನ್ನೊಂದು ತಾರೀಖುಗಳನ್ನು ಹಾರಿಸಿದಾಗಲೂ ಬುಧವಾರದ ಮರುದಿನ ಗುರುವಾರವೇ ಬಂತು.

ಇದನ್ನೇ ಕೆಲವರು ಮಾಡುವಂತೆ ತಿಂಗಳಿಗೆ ಮೂವತ್ತು, ವರುಷಕ್ಕೆ ಮುನ್ನೂರರುವತ್ತು ಎಂದು ಹಿಡಿದರೆ ಏನಾಗುವದು? ೬ ವರುಷ ೩ ತಿಂಗಳು ೩ ದಿನಕ್ಕೆ ೨,೨೫೩ ದಿನವಾಗಿ, ೩೩ ದಿನಗಳು ಎಲ್ಲಿ ಹೋದವೆಂದು ತಿಳಿಯದು. ಒಂದು ತಿಂಗಳಿಗಿಂತ ಹೆಚ್ಚು ಕಾಲ ಕಾಗದದ ಮೇಲೆ ಇಂಗಿಹೋಯಿತು!

ಹುಡುಗಿಯ ಲೆಕ್ಕವನ್ನೂ ಹೀಗೆಯೇ ಮಾಡಿದೆವು. ಹುಟ್ಟಿದ ದಿನದಿಂದ ಆ ಬುಧವಾರಕ್ಕೆ ೬,೩೦೩ ದಿನ. ನಾಲ್ಕು ಕಂತೆಗಳಿಗೆ ೫,೮೪೪ ಹೋದರೆ ೪೫೯ ಉಳಿಯುವದು. ಇಲ್ಲಿ ಜೋಕೆ, ಉಳಿದ ಒಂದು ವರುಷವು ೨೦೨೪ರ ಫೆಬ್ರವರಿ ೩ರಿಂದ ಆರಂಭವಾಗುವದರಿಂದ ಆ ಇಸವಿಯ ಫೆಬ್ರವರಿ ೨೯ ಅದರೊಳಗೆ ಸಿಕ್ಕುತ್ತದೆ. ಆದಕಾರಣ ೩೬೬ ತೆಗೆಯಬೇಕು. ಉಳಿಯುವದು ೯೩ ದಿನ, ಅಂದರೆ ಮೂರು ತಿಂಗಳು ನಾಲ್ಕು ದಿನ. ವಾರದ ಸಾಕ್ಷಿಯನ್ನು ಕೇಳಿದೆವು. ೬,೩೦೩ಕ್ಕೆ ೯೦೦ ವಾರ ೩ ದಿನ. ಬುಧವಾರದಿಂದ ಮೂರು ದಿನ ಹಿಂದಕ್ಕೆ ಹೋದರೆ ಆದಿತ್ಯವಾರ. “ಪ್ರಾರ್ಥನೆಯ ದಿನ” ಎಂದು ಓದುಬರಹ ಅರಿಯದ ಆ ಮುದುಕಿ ಹೇಳಿದ್ದು ನಿಜವಾಯಿತು! ಆಕೆಯ ನೆನಪನ್ನು ನಾವು ಮೆಚ್ಚಿದೆವು.

ಹಾಗಾದರೆ ಆಕೆಗೆ ಹತ್ತೊಂಬತ್ತು ಎಲ್ಲಿಂದ ಬಂತು? ಸಂವತ್ಸರಗಳು ಅರುವತ್ತು. ಸರ್ವಜಿತುವಿನಲ್ಲಿ ಒಂದು ಬೆರಳು, ಸರ್ವಧಾರಿಯಲ್ಲಿ ಎರಡು, ವಿರೋಧಿಯಲ್ಲಿ ಮೂರು, ಹೀಗೆ ಎಣಿಸುತ್ತಾ ಬಂದರೆ ಕ್ರೋಧಿಯು ಹದಿನೆಂಟು, ೨೦೨೫ರ ಮಾರ್ಚ್ ೩೦ರ ಯುಗಾದಿಗೆ ಹುಟ್ಟಿದ ವಿಶ್ವಾವಸುವು ಹತ್ತೊಂಬತ್ತು. ಹುಡುಗಿಯು ಸರ್ವಜಿತುವಿನ ಕಡೆಯ ಎರಡು ತಿಂಗಳು ಮಾತ್ರ ಕಂಡವಳು. ಆದಾಗ್ಯೂ ಅದಕ್ಕೆ ಪೂರಾ ಒಂದು ಬೆರಳು ಸಂದಿತು. ವಿಶ್ವಾವಸುವು ಮೊಳಕೆಯೊಡೆದು ಐದಾರು ವಾರವಾಗಿತ್ತು. ಅದಕ್ಕೂ ಒಂದು ಬೆರಳು. ಎರಡು ತುದಿಗಳ ತುಂಡುಗಳು ಎರಡು ಇಡೀ ವರುಷಗಳಾದವು.

ಇದು ಅಜ್ಞಾನಿಗಳ ಲೆಕ್ಕವೆಂದು ಯಾರೂ ನಗಬಾರದು. ಸವದತ್ತಿಯಲ್ಲಿ ರಟ್ಟರ ಅರಸನಾದ ಇಮ್ಮಡಿ ಲಕ್ಷ್ಮೀದೇವನ ಕಾಲದ ಶಿಲಾಶಾಸನ ಒಂದುಂಟು. ಅದರಲ್ಲಿ ಶಕವರುಷ ೧೧೫೧, ಸರ್ವಧಾರಿ ಸಂವತ್ಸರವೆಂದು ಕೆತ್ತಿದ್ದಾರೆ. ಶಕವರುಷಕ್ಕೆ ೭೮ ಕೂಡಿಸಿದರೆ ಇಸವಿ ಬರುವದೆಂದು ನಾವು ಶಾಲೆಯಲ್ಲಿ ಕಲಿತೆವಲ್ಲಾ. ಹಾಗೆ ಮಾಡಿದರೆ ೧೨೨೯. ಆದರೆ ಸರ್ವಧಾರಿಯು ಬಂದದ್ದು ೧೨೨೮ರಲ್ಲಿ. ೧೨೨೮ಕ್ಕೆ ಅರುವತ್ತರ ಚಕ್ರಗಳನ್ನು ಹದಿಮೂರು ಸಾರಿ, ಅಂದರೆ ೭೮೦ ವರುಷ ಕೂಡಿಸಿರಿ, ೨೦೦೮ ಬರುವದು. ನಮ್ಮ ಹುಡುಗಿಯು ಹುಟ್ಟಿದ ಎರಡು ತಿಂಗಳಿಗೆ ಯುಗಾದಿಯಾಗಿ ಬಂದ ಸಂವತ್ಸರವೂ ಸರ್ವಧಾರಿಯೇ. ಹಾಗಾದರೆ ಶಾಸನದ ಕವಿಯು ತಪ್ಪಿದನೋ? ಇಲ್ಲ. ೧೧೫೦ ವರುಷಗಳು ತುಂಬಿ ೧೧೫೧ನೆಯದು ನಡೆಯುತ್ತಿತ್ತು, ಅವನು ನಡೆಯುವದನ್ನು ಬರೆದನು. ಬೇರೆ ಶಾಸನಗಳಲ್ಲಿ ತುಂಬಿದ್ದನ್ನು ಬರೆದಿದ್ದಾರೆ. ಹೀಗಿರಲಾಗಿ ಶಾಸನ ಓದುವವರು ಸಂವತ್ಸರದ ಹೆಸರು, ವಾರ, ಗ್ರಹಣ ಇವುಗಳನ್ನು ಕೂಡಿಸಿ ನೋಡದೆ ಇಸವಿಯನ್ನು ಹೇಳುವದಿಲ್ಲ.

ನಮ್ಮ ಮಾತಿನಲ್ಲಿಯೂ ಈ ನಡೆಯುವ ಎಣಿಕೆ ಬೇರೂರಿದೆ. ವಾರಕ್ಕೆ ಏಳೇ ದಿನವಿರಲು ನಾವು “ಎಂಟು ದಿನಕ್ಕೊಮ್ಮೆ ಸಂತೆ” ಎನ್ನುತ್ತೇವೆ. ಎರಡು ವಾರಕ್ಕೆ “ಹದಿನೈದು ದಿನ” ಎನ್ನುತ್ತೇವೆ. ಹೊರಟ ದಿನವನ್ನೂ ಮುಟ್ಟಿದ ದಿನವನ್ನೂ ಎಣಿಸುವದರಿಂದ ಹೀಗಾಗುವದು. ಪರಿಶುದ್ಧ ಗ್ರಂಥದಲ್ಲಿಯೂ ಹೀಗೆಯೇ ಉಂಟು. ಕರ್ತನು ಶುಕ್ರವಾರ ಶಿಲುಬೆಯ ಮೇಲೆ ಪ್ರಾಣಬಿಟ್ಟು ಆದಿತ್ಯವಾರದ ಮುಂಜಾನೆ ಎದ್ದದ್ದನ್ನು ಮೂರನೆಯ ದಿನವೆಂದು ಬರೆದಿದೆ. ತಾಸುಗಳನ್ನು ಎಣಿಸಿದರೆ ಎರಡು ದಿನವೂ ಪೂರಾ ಆಗುವದಿಲ್ಲ. ತೋಮನು ಕರ್ತನನ್ನು ಕಂಡದ್ದು ಎಂಟು ದಿನದ ಮೇಲೆ ಎಂದು ಯೋಹಾನನು ಬರೆಯುತ್ತಾನೆ. ಅದು ಮುಂದಿನ ಆದಿತ್ಯವಾರವೆಂದು ನಮ್ಮ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ದೇಶದವರೂ ನಮ್ಮ ಹಾಗೆ ಎಣಿಸಿದರು.

ಇನ್ನು ಆ ತಂದೆಯ ಸಾಲದ ಸಂಗತಿ. ಅವನು ಏಪ್ರಿಲ್ ೨೫ರಂದು ಒಬ್ಬ ಸಾವುಕಾರನಿಂದ ೫೦,೦೦೦ ರೂಪಾಯಿ ತಂದಿದ್ದನು. ಬಡ್ಡಿಯು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಮದುವೆಯು ಮುಂದೆ ಹೋದ್ದರಿಂದ ಹಣವನ್ನು ಇಟ್ಟುಕೊಂಡು ಬಡ್ಡಿ ಬೆಳೆಸಬಾರದೆಂದು ನಾವು ಹೇಳಲು, ಮೇ ೧೪ರಂದು ಇಡೀ ಗಂಟನ್ನು ತಿರುಗಿ ತೆಗೆದುಕೊಂಡು ಹೋದನು. ಸಾವುಕಾರನು ೨,೦೦೦ ರೂಪಾಯಿ ಬಡ್ಡಿ ಕೇಳಿದನು. ಯಾಕಂದರೆ ಅವನ ಲೆಕ್ಕವು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಏಪ್ರಿಲ್ ೨೭ಕ್ಕೆ ಅಮಾವಾಸ್ಯೆಯಾಗಿತ್ತು. ಹಣವು ಅದಕ್ಕೆ ಎರಡು ದಿನ ಮುಂಚೆ ಕೈಬಿಟ್ಟದ್ದರಿಂದ ಅದೊಂದು ತಿಂಗಳು, ಅನಂತರದ್ದು ನಡೆಯುತ್ತಿರುವ ಇನ್ನೊಂದು ತಿಂಗಳು. ದಿನಗಳನ್ನು ಎಣಿಸಿದರೆ ಆಗುವದು ಹತ್ತೊಂಬತ್ತು! ವರುಷಕ್ಕೆ ನೂರಕ್ಕೆ ೨೪ರಂತೆ ೫೦,೦೦೦ಕ್ಕೆ ೧೨,೦೦೦. ಅದನ್ನು ೩೬೫ರಿಂದ ಭಾಗಿಸಿ ೧೯ರಿಂದ ಗುಣಿಸಿದರೆ ೬೨೫ ರೂಪಾಯಿಗೂ ಸ್ವಲ್ಪ ಕಡಿಮೆ. ನಾವು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಅವನ ಕೈಯಲ್ಲಿ ಕೊಟ್ಟು ಕಳುಹಿಸಿದೆವು. ಕಡೆಗೆ ೧,೦೦೦ಕ್ಕೆ ನಿಂತಿತು. ಅವನು ಬಂದು, ಮಗಳಿಗೆ ತಾನು ನಡೆಯುವ ವರುಷವನ್ನು ಎಣಿಸಿದ ಹಾಗೆಯೇ ಸಾವುಕಾರನು ತನಗೆ ನಡೆಯುವ ತಿಂಗಳನ್ನು ಎಣಿಸಿದನೆಂದು ಹೇಳಿ ನಕ್ಕನು. ನಗುವಾಗಲೂ ಅವನ ಮುಖವು ಬಾಡಿಯೇ ಇತ್ತು. ಸಾವಿರ ರೂಪಾಯಿ ಕೂಲಿಯವನಿಗೆ ಸಣ್ಣದಲ್ಲ.

ಚಂದ್ರನ ತಿಂಗಳಿನ ವಿಷಯವಾಗಿ ಇನ್ನೂ ಕೆಲವು ಮಾತು ಹೇಳತಕ್ಕದ್ದು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ೨೯ ದಿನ ೧೨ ತಾಸು ೪೪ ಮಿನಿಟು. ಇಂಥ ಹನ್ನೆರಡು ತಿಂಗಳಿಗೆ ೩೫೪ ದಿನ ಚಿಲ್ಲರೆ. ಸೂರ್ಯನ ವರುಷಕ್ಕೆ ಸುಮಾರು ಹನ್ನೊಂದು ದಿನ ಕಡಿಮೆ. ಈ ಕಡಿಮೆಯನ್ನು ತುಂಬುವದಕ್ಕೆ ಪಂಚಾಂಗದವರು ಹತ್ತೊಂಬತ್ತು ವರುಷದಲ್ಲಿ ಏಳು ಸಾರಿ ಅಧಿಕಮಾಸವನ್ನು ಸೇರಿಸುತ್ತಾರೆ. ೨೦೨೩ರ ಜುಲೈ ೧೮ರಿಂದ ಆಗಸ್ಟ್ ೧೬ರ ವರೆಗೆ ಅಧಿಕ ಶ್ರಾವಣ ಬಂದದ್ದು ನಿಮಗೆ ನೆನಪಿರಬಹುದು. ಆದಕಾರಣ ಯುಗಾದಿಯಿಂದ ಯುಗಾದಿಗೆ ಒಂದು ವರುಷವೆಂಬ ಮಾತು ಬಾಯಲ್ಲಿ ಸರಿ, ಲೆಕ್ಕದಲ್ಲಿ ಸರಿಯಲ್ಲ. ೨೦೨೨ರ ಏಪ್ರಿಲ್ ೨ರ ಯುಗಾದಿಯಿಂದ ೨೦೨೩ರ ಮಾರ್ಚ್ ೨೨ರ ಯುಗಾದಿಗೆ ೩೫೪ ದಿನ. ಅಲ್ಲಿಂದ ೨೦೨೪ರ ಏಪ್ರಿಲ್ ೯ಕ್ಕೆ ೩೮೪ ದಿನ. ಅಲ್ಲಿಂದ ೨೦೨೫ರ ಮಾರ್ಚ್ ೩೦ಕ್ಕೆ ೩೫೫ ದಿನ.

ಇದರಿಂದ ಬಡವನಿಗೆ ಆಗುವದೇನು? ಯುಗಾದಿಯಿಂದ ಯುಗಾದಿಗೆ ವರುಷದ ಆಳಾಗಿ ನಿಲ್ಲುವ ವಾಡಿಕೆ ನಮ್ಮ ಕಡೆ ಉಂಟಷ್ಟೆ. ವರುಷಕ್ಕೆ ೮೪,೦೦೦ ರೂಪಾಯಿ ಎಂದು ಮಾತಾಯಿತೆಂದು ಇಟ್ಟುಕೊಳ್ಳಿರಿ. ೩೫೪ ದಿನದ ವರುಷದಲ್ಲಿ ದಿನಕ್ಕೆ ೨೩೭ ರೂಪಾಯಿಯ ಮೇಲೆ ಬೀಳುವದು. ಅಧಿಕಮಾಸ ಬಿದ್ದ ೩೮೪ ದಿನದ ವರುಷದಲ್ಲಿ ೨೧೮ ರೂಪಾಯಿ ೭೫ ಪೈಸೆ. ಕೊಟ್ಟಿಗೆಯ ಸಗಣಿ, ಎತ್ತಿನ ಮೇವು, ರಾತ್ರಿಯ ನೀರು ಒಂದೂ ಕಡಿಮೆಯಾಗದೆ, ಮೂವತ್ತು ದಿನದ ದುಡಿಮೆಯು ಹೆಚ್ಚಿ, ಸಂಬಳವು ಇದ್ದಷ್ಟೇ ಇರುವದು. ಒಡೆಯನು ಇದನ್ನು ಬೇಕೆಂದು ಮಾಡುವನೆಂದು ನಾವು ಹೇಳುವದಿಲ್ಲ. ಎಷ್ಟೋ ಮಂದಿ ಒಡೆಯರಿಗೂ ಇದು ತಿಳಿಯದು. ಆದಾಗ್ಯೂ ಅದೇ ಒಡೆಯನು ಬಡ್ಡಿಗೆ ಕೊಟ್ಟ ಹಣಕ್ಕೆ ಆ ವರುಷ ಹದಿಮೂರು ತಿಂಗಳ ಬಡ್ಡಿ ಹಿಡಿಯುವದನ್ನು ಮಾತ್ರ ಮರೆಯುವದಿಲ್ಲ. ಅಧಿಕಮಾಸವು ಸಾಲದಲ್ಲಿ ಎಣಿಕೆಗೆ ಬರುವದು, ಸಂಬಳದಲ್ಲಿ ಬರುವದಿಲ್ಲ, ಇದೆಂಥ ನ್ಯಾಯ? ಕರಾರು ಮಾಡುವಾಗಲೇ ಇಂಥ ತಾರೀಖಿನಿಂದ ಇಂಥ ತಾರೀಖಿನ ವರೆಗೆ ಎಂದು ಬರೆಸಿರಿ. ತಿಂಗಳ ಸಂಬಳವೆಂದು ಬರೆಸಿದರೆ ಇನ್ನೂ ಒಳ್ಳೆಯದು.

ಮುಸಲ್ಮಾನ ನೆರೆಯವರ ಹಿಜರಿ ವರುಷಕ್ಕೆ ಅಧಿಕಮಾಸವೇ ಇಲ್ಲ. ಆದದರಿಂದ ಮೊಹರಮ್ ವರುಷಕ್ಕೆ ಹನ್ನೊಂದು ದಿನ ಹಿಂದೆ ಹಿಂದೆ ಸರಿಯುತ್ತಾ ಬೇಸಿಗೆಗೂ ಮಳೆಗೂ ಚಳಿಗೂ ಬರುವದು. ಸೂರ್ಯನ ೩೩ ವರುಷಕ್ಕೆ ಹಿಜರಿಯ ೩೪ ತುಂಬುವವು. ರೈತನ ಬೆಳೆ ಮಾತ್ರ ೩೩ ಸಾರಿಯೇ ಬರುವದಲ್ಲಾ. ಇದರಿಂದಲೇ ಬಾದಶಹರು ಕಂದಾಯಕ್ಕೋಸ್ಕರ ಫಸಲಿ ಎಂಬ ಸೂರ್ಯವರುಷವನ್ನು ಹೂಡಿದರು. ಮರಾಠರ ದಫ್ತರುಗಳಲ್ಲಿ ಬರುವ ಸುಹೂರ್ ಸನ್ ಎಂಬದು ಸೂರ್ಯನು ಮೃಗಶಿರಾ ನಕ್ಷತ್ರಕ್ಕೆ ಬಂದ ದಿನ ಆರಂಭವಾಗುವದು. ಆ ಕಾಲದ ಹಳೆಯ ಸನದು ಯಾರ ಮನೆಯಲ್ಲಾದರೂ ಇದ್ದರೆ, ಅದರ ಸುಹೂರ್ ವರುಷಕ್ಕೆ ೫೯೯ ಕೂಡಿಸಿರಿ, ಜನವರಿಯಿಂದ ಮುಂದಿನ ತಿಂಗಳಾದರೆ ೬೦೦, ಇಸವಿ ಸಿಕ್ಕುವದು.

ಮೃಗಶಿರವೆಂದರೆ ನಮ್ಮ ಮಿರಗ. ಓದದ ರೈತನೂ ಸೂರ್ಯನ ವರುಷವನ್ನು ತಪ್ಪದೆ ಹಿಡಿದಿರುವದು ಇಲ್ಲಿಯೇ. ಯುಗಾದಿಯು ಮಾರ್ಚಿನಿಂದ ಏಪ್ರಿಲಿಗೆ ಎಷ್ಟು ಓಡಾಡಿದರೂ ಮಿರಗದ ಮಳೆಯು ಜೂನ್ ೭ ಇಲ್ಲವೆ ೮ಕ್ಕೆ ಕೂಡುವದು. ಇಪ್ಪತ್ತೇಳು ನಕ್ಷತ್ರಗಳಿಗೆ ವರುಷವನ್ನು ಹಂಚಿದರೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮಿರಗ, ಆರಿದ್ರ, ಪುನರ್ವಸು, ಪುಷ್ಯ ಎಂದು ಎಣಿಸುತ್ತಾ ಬಿತ್ತುವವನು ಕ್ಯಾಲೆಂಡರನ್ನು ನೋಡದಿದ್ದರೂ ಸೂರ್ಯನನ್ನು ಹಿಂಬಾಲಿಸುತ್ತಾನೆ. ಒಂದೇ ಮನೆಯಲ್ಲಿ ಹಬ್ಬವು ಚಂದ್ರನದು, ಬಿತ್ತನೆಯು ಸೂರ್ಯನದು.

ನಮ್ಮ ಸಭೆಯ ಹಬ್ಬಗಳಲ್ಲಿಯೂ ಹೀಗೆಯೇ. ಕ್ರಿಸ್ತಜಯಂತಿಯು ಡಿಸೆಂಬರ್ ೨೫ ಬಿಟ್ಟು ಅಲುಗದು. ಪುನರುತ್ಥಾನದ ಹಬ್ಬವಾದರೋ ಮಾರ್ಚ್ ೨೧ರ ಮೇಲಿನ ಹುಣ್ಣಿಮೆಯ ಮುಂದಿನ ಆದಿತ್ಯವಾರಕ್ಕೆ ಬರುವದರಿಂದ ೨೦೨೪ರಲ್ಲಿ ಮಾರ್ಚ್ ೩೧, ೨೦೨೫ರಲ್ಲಿ ಏಪ್ರಿಲ್ ೨೦, ೨೦೨೬ರಲ್ಲಿ ಏಪ್ರಿಲ್ ೫. ಮೊದಲಿನ ಎರಡರ ನಡುವೆ ೩೮೫ ದಿನ, ಕಡೆಯ ಎರಡರ ನಡುವೆ ೩೫೦ ದಿನ. ಸಭೆಯ ವಂತಿಗೆಯನ್ನು ಈ ಹಬ್ಬದಿಂದ ಆ ಹಬ್ಬಕ್ಕೆ ಎಂದು ಲೆಕ್ಕ ಹಿಡಿಯುವ ಹಿರಿಯರು ಇದನ್ನು ಗಮನಿಸಲಿ.

ಸಂಘಗಳಲ್ಲಿ ವಾರದ ಕಂತು ಕಟ್ಟುವ ಅವ್ವಂದಿರಿಗೂ ಅಕ್ಕಂದಿರಿಗೂ ಒಂದು ಮಾತು. ತಿಂಗಳಿಗೆ ನಾಲ್ಕು ವಾರವೆಂದು ಎಣಿಸಬೇಡಿರಿ. ನಾಲ್ಕು ವಾರಕ್ಕೆ ಇಪ್ಪತ್ತೆಂಟೇ ದಿನ. ವಾರಕ್ಕೆ ೫೦೦ ರೂಪಾಯಿ ಕಟ್ಟುವವಳು ತಿಂಗಳಿಗೆ ೨,೦೦೦, ವರುಷಕ್ಕೆ ೨೪,೦೦೦ ಎಂದುಕೊಂಡಿರುವಳು. ವರುಷಕ್ಕೆ ವಾರಗಳು ೫೨, ಕಟ್ಟುವದು ೨೬,೦೦೦.

ಕಡೆಯದಾಗಿ, ಗ್ರಂಥದಲ್ಲಿಯ ದಿನಗಳ ಕುರಿತು ಕೆಲವರು ನಮ್ಮನ್ನು ಕೇಳುವದುಂಟು. ಜಲಪ್ರಳಯದ ವೃತ್ತಾಂತದಲ್ಲಿ ಎರಡನೆಯ ತಿಂಗಳಿನ ೧೭ರಿಂದ ಏಳನೆಯ ತಿ೦ಗಳಿನ ೧೭ರ ವರೆಗೆ, ಅಂದರೆ ಐದು ತಿಂಗಳಿಗೆ ೧೫೦ ದಿನವೆಂದು ಹೇಳಿದೆ. ಪ್ರಕಟನೆಯ ಗ್ರಂಥದಲ್ಲಿ ೪೨ ತಿಂಗಳಿಗೆ ೧,೨೬೦ ದಿನ ಸರಿಹೋಗುವದು. ಎರಡರಲ್ಲಿಯೂ ತಿಂಗಳಿಗೆ ಮೂವತ್ತು. ಅದು ಆ ಗ್ರಂಥದ ಎಣಿಕೆ. ಅದನ್ನು ಬಡ್ಡಿಯ ಚೀಟಿಗೆ ತರಬಾರದು, ಚೀಟಿಯ ಎಣಿಕೆಯನ್ನು ಅಲ್ಲಿಗೆ ಒಯ್ಯಬಾರದು. ಒಂದು ದಿನಕ್ಕೆ ಒಂದು ವರುಷವೆಂದು ಅರಣ್ಯಕಾಂಡದಲ್ಲಿಯೂ ಯೆಹೆಜ್ಕೇಲನಲ್ಲಿಯೂ ಹೇಳಿರುವದು ಆಯಾ ಸಂಗತಿಗೆ ಮಾತ್ರ ಹೇಳಿದ್ದು. ಅಮೇರಿಕಾದ ವಿಲಿಯಂ ಮಿಲ್ಲರನೆಂಬ ರೈತನು ಇದನ್ನು ಎಲ್ಲಾ ಕಡೆಗೂ ಹಚ್ಚಿ, ದಾನಿಯೇಲನ ೨,೩೦೦ ದಿನಗಳನ್ನು ೨,೩೦೦ ವರುಷಗಳಾಗಿ ಮಾಡಿ, ಕ್ರಿಸ್ತಪೂರ್ವ ೪೫೭ರಿಂದ ಎಣಿಸಿ, ಕರ್ತನು ೧೮೪೩ರ ಸುಮಾರಿಗೆ ಬರುವನೆಂದು ಸಾರಿದನು. ಕ್ರಿಸ್ತಪೂರ್ವ ೧ರ ಮರುವರುಷವೇ ಕ್ರಿಸ್ತಶಕ ೧. ನಡುವೆ ಸೊನ್ನೆಯ ವರುಷವಿಲ್ಲ. ಅದನ್ನು ಸರಿಪಡಿಸಿದಾಗ ೧೮೪೪ ಬಂತು. ಅವನ ಪಕ್ಷದವರು ಆ ವರುಷದ ಅಕ್ಟೋಬರ್ ೨೨ ಎಂದು ಗೊತ್ತುಮಾಡಿದರು. ಕೆಲವರು ಹೊಲದ ಫಸಲನ್ನು ಕೊಯ್ಯದೆ ಬಿಟ್ಟು ಕಾದರು. ಆ ದಿನವು ಬಂದು ಹೋಯಿತು, ಮರುದಿನ ೨೩ ಆಯಿತು. ಇಂಥ ತಾರೀಖು ಹೇಳಿಕೊಂಡು ಯಾರಾದರೂ ನಿಮ್ಮ ಹಳ್ಳಿಗೆ ಬಂದರೆ, ಯಾವ ವರುಷದ ಲೆಕ್ಕ, ನಡೆಯುವದೋ ತುಂಬಿದ್ದೋ, ದಿನಕ್ಕೆ ವರುಷವೆಂದು ಆ ಸ್ಥಳದಲ್ಲಿ ಬರೆದಿದೆಯೋ ಎಂದು ಮೊದಲು ಕೇಳಿರಿ. ಬಿತ್ತನೆಯನ್ನು ಮಾತ್ರ ನಿಲ್ಲಿಸಬೇಡಿರಿ.

ಹುಡುಗಿಗೆ ಹದಿನೆಂಟು ತುಂಬುವದಕ್ಕೆ ಆ ಬುಧವಾರದಿಂದ ಇನ್ನೂ ೨೭೨ ದಿನಗಳಿದ್ದವು. ಗಂಡಿನ ಕಡೆಯವರು ಮೊದಲು ಸಿಟ್ಟಾದರು, ಅನಂತರ ಒಪ್ಪಿದರು. ೨೭೨ ಎಂದರೆ ಎಷ್ಟೆಂದು ಮುದುಕಿಯು ಕೇಳಲು, ೩೮ ವಾರ ೬ ದಿನವೆಂದು ನಾವು ಹೇಳಿದೆವು. ಆಕೆಗೆ ಅದು ಹಿಡಿಸಲಿಲ್ಲ. “ಮಿರಗದಿಂದ ಹಿಡಿದು ಮಳಿಗಾಲ ಒಂದು, ಆಮ್ಯಾಲೆ ಬಿಳಿಜೋಳದ ಸುಗ್ಗಿ ಹತ್ತಿರ ಬರತೈತಿ. ಅಷ್ಟs ಹೌದಲ್ಲೋ?” ಎಂದಳು. ಅಷ್ಟೇ ಎಂದೆವು.

ರಾತ್ರಿಶಾಲೆಯಲ್ಲಿ ಮಾಡಿ ನೋಡುವದಕ್ಕೆ ಎರಡು ಲೆಕ್ಕಗಳನ್ನು ಕೊಡುತ್ತೇವೆ. ೨೦೨೬ರ ಮಾರ್ಚ್ ೧೯ರ ಯುಗಾದಿಗೆ ಆಳಾಗಿ ನಿಂತವನು ೨೦೨೭ರ ಏಪ್ರಿಲ್ ೭ರ ಯುಗಾದಿಯ ವರೆಗೆ ದುಡಿದರೆ ಎಷ್ಟು ದಿನವಾಗುವದು, ನಡುವೆ ಯಾವ ಅಧಿಕಮಾಸ ಬರುವದು? ಹತ್ತು ಸಾವಿರ ದಿನ ಬದುಕಿದವನಿಗೆ ಎಷ್ಟು ವರುಷ ತುಂಬಿದವು? ಮೊದಲನೆಯದಕ್ಕೆ ೩೮೪ ದಿನ, ಅಧಿಕ ಜ್ಯೇಷ್ಠ. ಎರಡನೆಯದಕ್ಕೆ ೨೭ ವರುಷ ತುಂಬಿ ಮೇಲೆ ೧೩೯ ದಿನ. ಕಡೆಯ ಮೂರು ವರುಷಗಳಲ್ಲಿ ಫೆಬ್ರವರಿ ೨೯ ಬಿದ್ದಿದ್ದರೆ ೧೩೮.